ಚಿಕ್ಕಮಗಳೂರಲ್ಲೇ ಕೂತು ಎಐ ಸಂಶೋಧನಾ ಕಂಪನಿ ಬೆಳೆಸುವುದು: ಮೊದಲ ಮೂರು ವರ್ಷದ ಕೆಲಸ

ನಮ್ಮ ಕಂಪನಿ ಇರುವುದು ಐ.ಜಿ. ರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ. ಮಹಡಿ ಮೇಲೆ ಎರಡು ಕೋಣೆ, ಆರು ಜನ. ಕಾಫಿ ಗಿಡದ ಕಾಂಡದ ಫೋಟೋ ನೋಡಿ ಒಳಗೆ ಬೋರರ್ (ಕಾಂಡ ಕೊರೆಯುವ) ಹುಳ ಇದೆಯೋ ಇಲ್ಲವೋ ಹೇಳುವ ಎಐ ಮೇಲೆ ಕೆಲಸ ಮಾಡುತ್ತೇವೆ. ಹಾಸನದಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಲ್ಲಿ ಏಳು ವರ್ಷ ದುಡಿದು, ಊರಿಗೆ ವಾಪಸ್ ಬಂದವಳು ನಾನು. ಕಂಪನಿ ಶುರುವಾಗಿ ಮೂರು ವರ್ಷ ಆಯಿತು.

ಈಗ ಸಕಲೇಶಪುರ, ಮೂಡಿಗೆರೆ, ಹಾಸನದ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. "ಅಕ್ಕಾ, ನಾವೂ ಇಲ್ಲೇ ಶುರು ಮಾಡಬಹುದಾ? ಎಷ್ಟು ದುಡ್ಡು ಬೇಕು? ಯಾವ ಜಿಪಿಯು ತಗೊಳ್ಳೋದು?" ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ವಿಷಯ ಕಾಫಿಯೇ ಆಗಬೇಕಿಲ್ಲ. ಹಾಸನದ ಆಲೂಗಡ್ಡೆಯ ಅಂಗಮಾರಿ ಆಗಬಹುದು, ಮಲೆನಾಡಿನ ಮಾತನ್ನು ಬರಹಕ್ಕೆ ಇಳಿಸುವುದಾಗಬಹುದು. ಕೆಲಸದ ದಾರಿ ಹೆಚ್ಚುಕಡಿಮೆ ಇದೇ.

ಜಿಪಿಯು, ಅಂದರೆ ಎಐಗೆ ಕಲಿಸಲು ಬಳಸುವ ಗ್ರಾಫಿಕ್ಸ್ ಕಾರ್ಡ್, ಅದರ ವಿಚಾರ ಆಮೇಲೆ ನೋಡೋಣ.

ಮೊದಲು ಒಂದು ಪ್ರಶ್ನೆ ಹುಡುಕಿ

ವಿಷಯ ಬೇರೆ, ಪ್ರಶ್ನೆ ಬೇರೆ. "ಕಾಫಿ ತೋಟಕ್ಕೆ ಎಐ" ಅನ್ನುವುದು ವಿಷಯ. ನಾವು ಆರು ತಿಂಗಳು ಅದರಲ್ಲೇ ಸುತ್ತಿದೆವು. ಎಲೆ ತುಕ್ಕು ಸ್ವಲ್ಪ, ಮಳೆ ಲೆಕ್ಕ ಸ್ವಲ್ಪ, ಬೆಲೆ ಸ್ವಲ್ಪ. ಯಾವುದೂ ಮುಗಿಯಲಿಲ್ಲ.

ಆಮೇಲೆ ಒಂದು ಮಾರ್ಚ್‌ನಲ್ಲಿ ಆಲ್ದೂರು ಕಡೆ ಚಿಕ್ಕಪ್ಪನ ತೋಟದಲ್ಲಿ ಬೋರರ್ ಟ್ರೇಸಿಂಗ್, ಅಂದರೆ ಹುಳ ಬಿದ್ದ ಗಿಡ ಹುಡುಕಿ ಗುರುತು ಮಾಡುವ ಕೆಲಸ, ನಡೆಯುತ್ತಿತ್ತು. ಚಿಕ್ಕಪ್ಪ ಒಂದು ಅರೇಬಿಕಾ ಕಾಫಿ ಗಿಡದ ಮುಂದೆ ನಿಂತು ರೈಟರನ್ನು (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರನ್ನು) ಕೇಳಿದರು: "ಇದನ್ನ ಕೀಳೋದಾ, ಬಿಡೋದಾ?" ರೈಟರ್ ತಕ್ಷಣ ಉತ್ತರ ಕೊಡಲಿಲ್ಲ. ನಮಗೆ ಬೇಕಾದ ಪ್ರಶ್ನೆ ಅದೇ. ಹೌದು, ಇಲ್ಲ, ಎರಡೇ ಉತ್ತರ. ಯಾವುದು ಸರಿ ಅಂತ ಪರೀಕ್ಷೆ ಮಾಡಬಹುದು. ತಪ್ಪಾದರೆ ನಷ್ಟ ಯಾರಿಗೆ, ಎಷ್ಟು ಅಂತಲೂ ಗೊತ್ತಾಗುತ್ತದೆ.

ದೊಡ್ಡ ಕಂಪನಿಗಳ ಆರಂಭವನ್ನು ಓದುವಾಗಲೂ ಇದನ್ನೇ ಗಮನಿಸಿ. ಎಐ ಸಂಶೋಧನಾ ಕಂಪನಿ ಡೀಪ್‌ಮೈಂಡ್ 2010ರಲ್ಲಿ ಲಂಡನ್‌ನಲ್ಲಿ ಶುರುವಾಯಿತು. ಡೆಮಿಸ್ ಹಸಾಬಿಸ್, ಶೇನ್ ಲೆಗ್, ಮುಸ್ತಫಾ ಸುಲೇಮಾನ್, ಮೂವರು ಸ್ಥಾಪಕರು. ಅವರ ಗುರಿ ಬಹಳ ದೊಡ್ಡದು, ಮನುಷ್ಯನ ಹಾಗೆ ಎಲ್ಲವನ್ನೂ ಕಲಿಯುವ ಯಂತ್ರ. ಆದರೆ ಕೈಗೆತ್ತಿಕೊಂಡದ್ದು ಅಟಾರಿಯ ಹಳೇ ವಿಡಿಯೋ ಗೇಮ್. 2013ರ ಕೊನೆಗೆ ಹೊರಬಂದ ಪ್ರಬಂಧದಲ್ಲಿ ಇದ್ದದ್ದು ಏಳೇ ಏಳು ಆಟ. ಆಟದಲ್ಲಿ ಅಂಕ ಪರದೆ ಮೇಲೇ ಕಾಣುತ್ತದೆ. ಇವತ್ತಿನ ಪ್ರಯೋಗ ನಿನ್ನೆಗಿಂತ ವಾಸಿಯೋ ಅಲ್ಲವೋ ಅಂತ ಯಾರನ್ನೂ ಕೇಳಬೇಕಾಗಿಲ್ಲ. ನಿಮ್ಮ ಪ್ರಶ್ನೆಗೂ ಅಂಥ ಅಂಕಪಟ್ಟಿ ಇರಬೇಕು. ಇನ್ನೊಂದನ್ನು ನಮ್ಮಂಥವರಿಗೆ ನಾನು ಸೇರಿಸುತ್ತೇನೆ: ಉತ್ತರ ಸರಿಯಾ ಅಂತ ನೋಡಲು ಹೋಗಬೇಕಾದ ಜಾಗ ನಿಮ್ಮ ಊರಿಂದ ಒಂದು ಬಸ್ಸಿನ ದೂರದಲ್ಲಿ ಇರಲಿ.

ಪ್ರಶ್ನೆ ಸಿಕ್ಕ ಮೇಲೆ, ಕೋಡ್ ಬರೆಯುವ ಮೊದಲು, ಅದರ ಬಗ್ಗೆ ಈಗಾಗಲೇ ಏನು ಗೊತ್ತಿದೆ ಅಂತ ಓದಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದು. ಬೋರರ್ ಬಗ್ಗೆ ನಮ್ಮ ಅಜ್ಜನ ಕಾಲದಿಂದ ಕೆಲಸ ಆಗಿದೆ. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳ ಮೊದಲು ತೊಗಟೆಯ ಕೆಳಗೆ ತಿಂದು, ಆಮೇಲೆ ಗಟ್ಟಿ ಮರದೊಳಗೆ ಕೊರೆಯುತ್ತದೆ. ತೊಗಟೆ ಕೆಳಗೆ ತಿಂದ ಕಡೆ ಕಾಂಡದ ಮೇಲೆ ಉಬ್ಬು ಗೆರೆ ಏಳುತ್ತದೆ. ದುಂಬಿ ಹಾರುವುದು ಏಪ್ರಿಲ್-ಮೇ ಹೊತ್ತಿಗೆ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಇನ್ನೊಂದು ಸಲ. ಅದಕ್ಕೇ ಮಾರ್ಚ್‌ನಲ್ಲಿ, ಸೆಪ್ಟೆಂಬರ್‌ನಲ್ಲಿ ಟ್ರೇಸಿಂಗ್. ಇಷ್ಟು ತಿಳಿದ ಮೇಲೆ ನಮಗೆ ಎರಡು ವಿಷಯ ಸ್ಪಷ್ಟವಾಯಿತು. ಎಲೆಯ ಫೋಟೋ ಬೇಡ, ಕಾಂಡದ ಫೋಟೋ ಬೇಕು. ವರ್ಷಕ್ಕೆ ಎರಡೇ ಸಲ ಒಳ್ಳೇ ಡೇಟಾ ಸಿಗುತ್ತದೆ. ಕಂಪನಿಯ ಇಡೀ ವರ್ಷದ ಪಂಚಾಂಗ ಇದರ ಮೇಲೇ ನಿಂತಿದೆ.

ಡೇಟಾ: ಇಲ್ಲಿ ನಿಧಾನ ಮಾಡಿ

ನನ್ನನ್ನು ಕೇಳಿದರೆ ಸಂಶೋಧನಾ ಕಂಪನಿ ಬೆಳೆಯುವುದು ಇಲ್ಲೇ. ಮಾಡೆಲ್, ಅಂದರೆ ಫೋಟೋ ನೋಡಿ ಉತ್ತರ ಹೇಳಲು ಕಲಿಯುವ ಪ್ರೋಗ್ರಾಂ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ರೆಸ್‌ನೆಟ್, ಮೊಬೈಲ್‌ನೆಟ್ ಎಲ್ಲ ಪುಕ್ಕಟೆ ಸಿಗುತ್ತವೆ. ಆಲ್ದೂರಿನ ಅರೇಬಿಕಾ ಕಾಂಡದ, ಸರಿಯಾದ ಉತ್ತರ ಬರೆದಿಟ್ಟ ಫೋಟೋ ಎಲ್ಲೂ ಸಿಗುವುದಿಲ್ಲ.

"ಸರಿಯಾದ ಉತ್ತರ" ಅಂದರೆ ಏನು? ಮೊದಲ ಸೀಸನ್‌ನಲ್ಲಿ ರೈಟರ್ ಹೇಳಿದ್ದನ್ನೇ ಉತ್ತರ ಅಂತ ಬರೆದುಕೊಂಡೆವು. ಅವರಿಗೆ ನಲವತ್ತು ವರ್ಷದ ಅನುಭವ. ಆದರೂ ಅದೇ ಗಿಡವನ್ನು ಮೇಸ್ತ್ರಿಗೆ ತೋರಿಸಿದರೆ ಕೆಲವು ಸಲ ಬೇರೆ ಉತ್ತರ. ರೈಟರನ್ನೇ ಕೇಳಿದೆ. "ಅಮ್ಮಾ, ಕಣ್ಣಲ್ಲಿ ನೋಡಿದ್ರೆ ಸಾಕಾಗಲ್ಲ, ಬೆರಳಲ್ಲಿ ಸವರಿ ನೋಡ್ಬೇಕು. ಅಷ್ಟಾದ್ರೂ ಸೀಳಿ ನೋಡೋ ತನಕ ಗ್ಯಾರಂಟಿ ಇಲ್ಲ" ಅಂದರು.

ಸೀಳಿ ನೋಡುವುದು! ಬೋರರ್ ಅಂತ ಗುರುತು ಮಾಡಿದ ಗಿಡವನ್ನು ಹೇಗೂ ಕಿತ್ತು ಸುಡುತ್ತಾರೆ. ಸುಡುವ ಮೊದಲು ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಸುರಂಗ, ಅದರಲ್ಲಿ ಒತ್ತಿ ತುಂಬಿದ ಮರದ ಪುಡಿ ಕಾಣುತ್ತದೆ. ಇಲ್ಲದಿದ್ದರೆ ಮರ ಶುದ್ಧವಾಗಿರುತ್ತದೆ. ಎರಡನೇ ಸೀಸನ್‌ನಿಂದ ನಮ್ಮ ಉತ್ತರ ಬಂದದ್ದು ಕತ್ತಿಯ ತುದಿಯಿಂದ. ಪ್ರತಿ ಗಿಡಕ್ಕೆ ಒಂದು ನಂಬರ್ ಚೀಟಿ, ಕೀಳುವ ಮೊದಲು ನಾಲ್ಕು ದಿಕ್ಕಿನಿಂದ ಫೋಟೋ, ಸೀಳಿದ ಮೇಲೆ ಒಂದು ಫೋಟೋ. ಚೆನ್ನಾಗಿರುವ ಗಿಡವನ್ನು ಪರೀಕ್ಷೆಗೆ ಅಂತ ಕೀಳೋಕೆ ಆಗಲ್ಲ, ಅಲ್ವಾ? ಅವುಗಳಿಗೆ ಕಾಯಬೇಕು. ಮುಂದಿನ ಟ್ರೇಸಿಂಗ್‌ನಲ್ಲೂ ಶುದ್ಧವಾಗಿದ್ದರೆ ಮಾತ್ರ "ಇಲ್ಲ" ಅಂತ ಬರೆಯುತ್ತೇವೆ. ಒಂದು ಉತ್ತರಕ್ಕೆ ಆರು ತಿಂಗಳು. ಬೇಸರ ಬರುತ್ತದೆ. ಆದರೆ ನಮ್ಮ ಹತ್ತಿರ ಇರುವ ಸ್ವಲ್ಪವೇ ಫೋಟೋಗಳನ್ನು ನಾನು ಕಣ್ಣು ಮುಚ್ಚಿ ನಂಬಬಲ್ಲೆ.

ನಿಮ್ಮ ವಿಷಯದಲ್ಲಿ "ಸೀಳಿ ನೋಡುವುದು" ಯಾವುದು ಅಂತ ಮೊದಲು ಪತ್ತೆ ಮಾಡಿ. ಮಾತನ್ನು ಬರಹಕ್ಕೆ ಇಳಿಸುವ ಕೆಲಸವಾದರೆ, ಮಾತಾಡಿದವರ ಮುಂದೆಯೇ ಓದಿ ಹೇಳಿ ಸರಿಯಾ ಅಂತ ಕೇಳುವುದು. ಅದಿಲ್ಲದೆ ಸಾವಿರಗಟ್ಟಲೆ ಡೇಟಾ ಸೇರಿಸಬೇಡಿ.

ಲೇಬಲ್ ಮಾಡುವವರಿಗೆ, ಅಂದರೆ ಫೋಟೋಗೆ ಉತ್ತರ ಬರೆಯುವವರಿಗೆ, ಬರೆದು ಕೊಡುವ ಸೂಚನೆ ಕನ್ನಡದಲ್ಲಿ ಇರಲಿ, ತೋಟದ ಮಾತಲ್ಲೇ ಇರಲಿ. ನಮ್ಮ ಮೊದಲ ಸೂಚನೆ ಇಂಗ್ಲಿಷ್‌ನಲ್ಲಿತ್ತು, ಯಾರೂ ಓದಲಿಲ್ಲ. ಈಗಿನದು ಒಂದೇ ಹಾಳೆ, ಜೊತೆಗೆ ಎಂಟು ಚಿತ್ರ. ದಿನಗೂಲಿಯ ಮೇಲೆ ಈ ಕೆಲಸಕ್ಕೆ ಬೇರೆ ದುಡ್ಡು ಕೊಡಿ. ಅವರ ಕಣ್ಣು, ಬೆರಳು ನಿಮ್ಮ ಕಂಪನಿಯ ಬಂಡವಾಳ.

ತೋಟದ ಮಾಲೀಕರ ಜೊತೆ ಒಂದು ಪುಟದ ಕನ್ನಡ ಒಪ್ಪಂದ ಮಾಡಿಕೊಳ್ಳಿ. ಫೋಟೋ ಯಾರದು, ಯಾವುದಕ್ಕೆ ಬಳಸುತ್ತೀರಿ, ಬೇಡ ಅಂದರೆ ಅಳಿಸುತ್ತೀರಾ, ಇಷ್ಟು ಸಾಕು. ಫೋನ್ ಫೋಟೋದೊಳಗೆ ಜಾಗದ ಗುರುತು ಸೇರಿಕೊಂಡಿರುತ್ತದೆ. ಹೊರಗೆ ಯಾರಿಗಾದರೂ ಕೊಡುವ ಮೊದಲು ಅದನ್ನು ತೆಗೆಯಿರಿ. ತನ್ನ ತೋಟದಲ್ಲಿ ಬೋರರ್ ಜಾಸ್ತಿ ಅಂತ ಊರಿಗೆಲ್ಲ ಗೊತ್ತಾಗುವುದು ಯಾರಿಗೂ ಬೇಡ.

ಬಟ್ಟೆ ಚೂರು ಕಲಿಸಿದ ಪಾಠ

ಮೊದಲ ಸೀಸನ್‌ನ ಫೋಟೋಗಳಿಂದ ತಯಾರಾದ ಮಾಡೆಲ್ ನೂರಕ್ಕೆ ತೊಂಬತ್ತರ ಮೇಲೆ ಅಂಕ ತೆಗೆದಿತ್ತು. ಸಿಹಿ ಹಂಚಿದೆವು. ಆಮೇಲೆ ಕಳಸದ ಕಡೆಯ ಒಂದು ತೋಟಕ್ಕೆ ತಗೊಂಡು ಹೋದೆವು. ಅಲ್ಲಿ ಅದು ಒಂದು ಬೋರರ್ ಗಿಡವನ್ನೂ ಹಿಡಿಯಲಿಲ್ಲ.

ರಾತ್ರಿ ಕೂತು ಫೋಟೋದ ಒಂದೊಂದೇ ಭಾಗವನ್ನು ಕಪ್ಪು ಚೌಕದಿಂದ ಮುಚ್ಚಿ, ಯಾವಾಗ ಉತ್ತರ ಬದಲಾಗುತ್ತದೆ ಅಂತ ನೋಡಿದೆ. ಕಾಂಡ ಪೂರ್ತಿ ಮುಚ್ಚಿದರೂ ಉತ್ತರ ಅದೇ. ಮೇಲಿನ ರೆಕ್ಕೆ (ಕೊಂಬೆ) ಮುಚ್ಚಿದ ಕೂಡಲೇ "ಬೋರರ್ ಇಲ್ಲ" ಅಂತ ಬಂತು. ಆ ರೆಕ್ಕೆಯಲ್ಲಿ ಕೆಂಪು ಬಟ್ಟೆ ಚೂರು ಇತ್ತು. ಕೀಳುವ ಆಳುಗಳಿಗೆ ಗೊತ್ತಾಗಲಿ ಅಂತ ಮೇಸ್ತ್ರಿ ಕಟ್ಟಿದ್ದ ಗುರುತು. ನಾವು ಫೋಟೋ ತೆಗೆದದ್ದು ಬಟ್ಟೆ ಕಟ್ಟಿದ ಮೇಲೆ. ಮಾಡೆಲ್ ಕಲಿತದ್ದು ಹುಳವನ್ನಲ್ಲ, ಬಟ್ಟೆಯನ್ನು.

ಇದರಿಂದ ನಾವು ಮಾಡಿಕೊಂಡ ನಿಯಮಗಳನ್ನು ದಯವಿಟ್ಟು ನೀವು ಮೊದಲ ದಿನವೇ ಪಾಲಿಸಿ. ಗುರುತು ಹಾಕುವ ಮೊದಲೇ ಫೋಟೋ ತೆಗೆಯಿರಿ. ಪರೀಕ್ಷೆಗೆ ಇಡುವ ಫೋಟೋಗಳನ್ನು ರಾಶಿಯಿಂದ ಹಾಗೇ ಹೆಕ್ಕಬೇಡಿ. ಹಾಗೆ ಮಾಡಿದರೆ ಒಂದೇ ಗಿಡದ ಎರಡು ಫೋಟೋಗಳಲ್ಲಿ ಒಂದು ಪಾಠದಲ್ಲಿ, ಇನ್ನೊಂದು ಪರೀಕ್ಷೆಯಲ್ಲಿ ಬಂದುಬಿಡುತ್ತದೆ. ಇಡೀ ತೋಟವನ್ನೇ ಬೇರೆ ಇಡಿ. ಮಾಡೆಲ್ ಕಣ್ಣಿಗೇ ಬೀಳದ ತೋಟ ಅದು. ನಾವು ಹಾಗೆ ಬೇರೆ ಮಾಡಿದ ದಿನ ತೊಂಬತ್ತರ ಮೇಲಿದ್ದ ಅಂಕ ಅರವತ್ತರ ಹತ್ತಿರಕ್ಕೆ ಇಳಿಯಿತು. ಎರಡು ದಿನ ಯಾರೂ ಜಾಸ್ತಿ ಮಾತಾಡಲಿಲ್ಲ. ಆದರೆ ಅಲ್ಲಿಂದ ಮುಂದೆ ಏರಿದ ಒಂದೊಂದು ಅಂಕವೂ ನಿಜವಾದದ್ದು.

ಅಂಕ ಅಂದರೆ ಯಾವ ಅಂಕ ಅಂತಲೂ ನೋಡಿ. ಸಾವಿರ ಗಿಡದಲ್ಲಿ 50ಕ್ಕೆ ಬೋರರ್ ಇದೆ ಅಂದುಕೊಳ್ಳಿ. ಏನೂ ನೋಡದೆ ಎಲ್ಲಕ್ಕೂ "ಇಲ್ಲ" ಅಂದರೂ ನೂರಕ್ಕೆ 95 ಸರಿ! ಹಾಗಾಗಿ ಎರಡು ಲೆಕ್ಕ ಬೇರೆ ಬೇರೆ ಇಡಿ. ಆ 50ರಲ್ಲಿ ಎಷ್ಟು ಹಿಡಿದಿರಿ? ನೀವು ಬೋರರ್ ಅಂದ ಗಿಡಗಳಲ್ಲಿ ಎಷ್ಟು ನಿಜ? ಯಾವ ತಪ್ಪು ಹೆಚ್ಚು ದುಬಾರಿ ಅಂತ ತೋಟದವರನ್ನೇ ಕೇಳಿ. ತಪ್ಪಿಸಿಕೊಂಡ ಒಂದು ಗಿಡದಿಂದ ದುಂಬಿ ಹಾರಿ ಸುತ್ತಲಿನ ಗಿಡಕ್ಕೆ ಹೋಗುತ್ತದೆ. ಸುಮ್ನೆ ಕಿತ್ತ ಒಂದು ಒಳ್ಳೇ ಗಿಡದ ಜಾಗದಲ್ಲಿ ಹೊಸ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಚಿಕ್ಕಪ್ಪ ಒಂದು ಸಂಜೆ ಪೂರ್ತಿ ಇದರ ಲೆಕ್ಕ ಹಾಕಿಕೊಟ್ಟರು. ಮಾಡೆಲ್ ಯಾವಾಗ "ಹೌದು" ಅನ್ನಬೇಕು ಅನ್ನುವ ಗಡಿಯನ್ನು ನಾವು ಇಟ್ಟದ್ದು ಆ ಲೆಕ್ಕದಿಂದ.

ಪ್ರಯೋಗದ ಪುಸ್ತಕ ಒಂದಿರಲಿ. ಏನು ಬದಲಾಯಿಸಿದೆವು, ಏನಾಗಬಹುದು ಅಂದುಕೊಂಡಿದ್ದೆವು, ಏನಾಯಿತು. ಸೋತ ಪ್ರಯೋಗವನ್ನೂ ಬರೆಯಿರಿ. ಒಂದೇ ಪ್ರಯೋಗವನ್ನು ಮೂರು ಸಲ ಓಡಿಸಿ, ಮೂರರಲ್ಲೂ ಗೆದ್ದರೆ ಮಾತ್ರ ಗೆದ್ದಿತು ಅನ್ನಿ. ಶುಕ್ರವಾರ ಮಧ್ಯಾಹ್ನ ಸಂಶೋಧನಾ ಪ್ರಬಂಧಗಳು ಪುಕ್ಕಟೆ ಸಿಗುವ ಆರ್‌ಕೈವ್ ಜಾಲತಾಣದಿಂದ ಒಂದು ಪ್ರಬಂಧ ತೆಗೆದು ಒಬ್ಬರು ಉಳಿದವರಿಗೆ ಕನ್ನಡದಲ್ಲಿ ಹೇಳಬೇಕು, ಇದು ನಮ್ಮ ಪದ್ಧತಿ. ಕನ್ನಡದಲ್ಲಿ ಹೇಳೋಕೆ ಬರಲಿಲ್ಲ ಅಂದರೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ.

ಜನ ಮತ್ತು ಪಾಲು

ಶುರುವಿನಲ್ಲಿ ಇಬ್ಬರೇ ಇದ್ದೆವು. ಪ್ರೈವೇಟ್ ಲಿಮಿಟೆಡ್ ಮಾಡಲು ಇಬ್ಬರು ನಿರ್ದೇಶಕರು ಸಾಕು. ಮೂರನೆಯವರಾಗಿ ಇನ್ನೊಬ್ಬ ಇಂಜಿನಿಯರ್ ಬೇಡ, ತೋಟ ಗೊತ್ತಿರುವವರು ಬೇಕು. ನಾವು ತೆಗೆದುಕೊಂಡದ್ದು ಕೃಷಿ ಓದಿ ಎರಡು ವರ್ಷ ತೋಟದಲ್ಲಿ ದುಡಿದಿದ್ದ ಹುಡುಗಿಯನ್ನು. ಬಟ್ಟೆ ಚೂರಿನಂಥ ತಪ್ಪು ಆಮೇಲೆ ಮತ್ತೆ ಆಗದಿದ್ದದ್ದು ಅವಳಿಂದ.

ಪಾಲಿನ ವಿಚಾರದಲ್ಲಿ ಸ್ನೇಹದ ಮೇಲೆ ಬಿಡಬೇಡಿ. ಷೇರು ಒಂದೇ ದಿನ ಕೈಗೆ ಬರಬಾರದು. ನಾಲ್ಕು ವರ್ಷಕ್ಕೆ ಹಂಚಿ, ಮೊದಲ ಒಂದು ವರ್ಷ ಪೂರ್ತಿ ಇದ್ದರೆ ಮಾತ್ರ ಮೊದಲ ಕಂತು ಅಂತ ಬರೆಯಿರಿ. ಇದಕ್ಕೆ ವೆಸ್ಟಿಂಗ್ ಅನ್ನುತ್ತಾರೆ. ನನ್ನ ಜೊತೆ ಶುರು ಮಾಡಿದವರು ಎಂಟು ತಿಂಗಳಿಗೆ ಮನೆಯ ಕಷ್ಟದಿಂದ ಬೆಂಗಳೂರಿಗೆ ಹೋಗಬೇಕಾಯಿತು. ಕಾಗದದಲ್ಲಿ ಮೊದಲೇ ಬರೆದಿದ್ದರಿಂದ ಮನಸ್ತಾಪ ಆಗಲಿಲ್ಲ. ಈಗಲೂ ದೀಪಾವಳಿಗೆ ಬರುತ್ತಾರೆ.

ಜಿಪಿಯು, ಕರೆಂಟು, ದುಡ್ಡು

ಈಗ ಜಿಪಿಯು. 2012ರಲ್ಲಿ ಚಿತ್ರ ಗುರುತಿಸುವ ಸ್ಪರ್ಧೆಯನ್ನು ಗೆದ್ದು ಈ ಕಾಲವನ್ನೇ ಶುರು ಮಾಡಿದ ಅಲೆಕ್ಸ್‌ನೆಟ್ ಕಲಿತದ್ದು ಎರಡು ಗೇಮಿಂಗ್ ಕಾರ್ಡ್ ಮೇಲೆ. ಜಿಟಿಎಕ್ಸ್ 580, ತಲಾ 3 ಜಿಬಿ. ಐದಾರು ದಿನ ಓಡಿತು ಅಷ್ಟೆ. ಆದರೆ ಅದಕ್ಕೆ ಹಿಂದಿನ ಹಲವು ವರ್ಷ ಫೇ-ಫೇ ಲೀ ಮತ್ತು ಜೊತೆಯವರು ಕೋಟಿಗೂ ಮೀರಿದ ಚಿತ್ರಗಳಿಗೆ ಹೆಸರು ಬರೆಸಿ ಇಮೇಜ್‌ನೆಟ್ ಕಟ್ಟಿದ್ದರು. ಕಾರ್ಡಿಗಿಂತ ಮೊದಲು ಡೇಟಾ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ನಮ್ಮಂಥ ಚಿಕ್ಕ ಪ್ರಶ್ನೆಗೆ, ಮೊದಲೇ ಕಲಿತಿರುವ ಮಾಡೆಲ್ ತಂದು ನಮ್ಮ ಫೋಟೋ ಮೇಲೆ ಸ್ವಲ್ಪ ತಿದ್ದಿದರೆ ಸಾಕು. ಮೊದಲ ವರ್ಷ ಕ್ಲೌಡ್‌ನಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತೆಗೆದುಕೊಳ್ಳಿ. ದಿನಾ ಓಡಿಸುವಷ್ಟು ಕೆಲಸ ಇದೆ ಅಂತ ಪ್ರಯೋಗದ ಪುಸ್ತಕ ಹೇಳಿದ ಮೇಲೆ ಒಂದು ಕಾರ್ಡ್ ಕೊಳ್ಳಿ. ಕೊಂಡರೆ ಮಳೆಗಾಲ ನೆನಪಿರಲಿ. ಜುಲೈನಲ್ಲಿ ಎಲ್ಲೋ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಯುಪಿಎಸ್ ಇರುವುದು ಕೆಲಸ ಉಳಿಸಿ ಯಂತ್ರ ಆರಿಸಲು ಮಾತ್ರ. ಅರ್ಧ ಗಂಟೆಗೊಮ್ಮೆ ಚೆಕ್‌ಪಾಯಿಂಟ್ (ಅಲ್ಲಿಯ ತನಕ ಕಲಿತದ್ದರ ನಕಲು) ಉಳಿಯುವ ಹಾಗೆ ಕೋಡ್‌ನಲ್ಲೇ ಬರೆಯಿರಿ. ತೋಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಹಾಗಾಗಿ ಕೊನೆಯ ಮಾಡೆಲ್ ಸಾಧಾರಣ ಫೋನ್‌ನಲ್ಲಿ ಇಂಟರ್ನೆಟ್ ಇಲ್ಲದೆ ಓಡಬೇಕು. ಈ ಕಟ್ಟುಪಾಡಿನಿಂದ ನಮಗೆ ಲಾಭವೇ ಆಯಿತು. ಚಿಕ್ಕ ಮಾಡೆಲ್‌ಗೆ ಖರ್ಚೂ ಚಿಕ್ಕದು.

ದೊಡ್ಡ ಮಾಡೆಲ್‌ಗಳ ದಾರಿ ಬೇರೆ. ಓಪನ್‌ಎಐ 2015ರ ಡಿಸೆಂಬರ್‌ನಲ್ಲಿ ಲಾಭರಹಿತ ಸಂಸ್ಥೆಯಾಗಿ ಶುರುವಾಯಿತು. 2019ರಲ್ಲಿ ಲಾಭದ ಒಂದು ಅಂಗ ಮಾಡಿಕೊಂಡು, ಅದೇ ವರ್ಷ ಮೈಕ್ರೋಸಾಫ್ಟ್‌ನಿಂದ 100 ಕೋಟಿ ಡಾಲರ್ ಹೂಡಿಕೆ ಪಡೆಯಿತು. ಕಂಪ್ಯೂಟರ್‌ಗಳ ಹಸಿವು ಸಂಸ್ಥೆಯ ಸ್ವರೂಪವನ್ನೇ ಬದಲಾಯಿಸಿತು. ಅದರ ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ, ಸಂಸ್ಥೆ ಶುರುವಾಗಿ ಸುಮಾರು ಏಳು ವರ್ಷಕ್ಕೆ. ನಿಮ್ಮ ಪ್ರಶ್ನೆಗೆ ಎಷ್ಟು ಜಿಪಿಯು ಬೇಕು ಅನ್ನುವುದೇ ನಾಳೆ ಯಾರ ಮಾತು ಕೇಳಬೇಕು ಅನ್ನುವುದನ್ನೂ ತೀರ್ಮಾನ ಮಾಡುತ್ತದೆ. ನಿಮ್ಮ ದುಡ್ಡಿನಲ್ಲಿ ಮುಗಿಯುವ ಪ್ರಶ್ನೆ ಆರಿಸಿಕೊಳ್ಳಿ.

ನಮ್ಮ ತಿಂಗಳ ಖರ್ಚಿನಲ್ಲಿ ಮುಕ್ಕಾಲು ಪಾಲು ಸಂಬಳ. ಬೆಂಗಳೂರಿಗಿಂತ ಬಾಡಿಗೆ ತುಂಬಾ ಕಡಿಮೆ. ಕೈಯಲ್ಲಿ ಹದಿನೆಂಟು ತಿಂಗಳ ಖರ್ಚು ಇಟ್ಟುಕೊಂಡು ಶುರು ಮಾಡಿ. ಮೂರು ಟ್ರೇಸಿಂಗ್ ಸೀಸನ್ ಅಂದರೆ ಅಷ್ಟು ಬೇಕೇ ಬೇಕು. ಸರ್ಕಾರದ ಕಡೆ, ಮೊದಲು ಸ್ಟಾರ್ಟ್‌ಅಪ್ ಇಂಡಿಯಾದಲ್ಲಿ ಮಾನ್ಯತೆ ಮಾಡಿಸಿ. 2021ರಲ್ಲಿ ಶುರುವಾದ ಅದರ ಸೀಡ್ ಫಂಡ್ ಯೋಜನೆಯಲ್ಲಿ, ಕಲ್ಪನೆ ಕೆಲಸ ಮಾಡುತ್ತದೆ ಅಂತ ತೋರಿಸುವ ಹಂತಕ್ಕೆ ಇನ್‌ಕ್ಯುಬೇಟರ್ (ಹೊಸ ಕಂಪನಿ ಬೆಳೆಸುವ ಸಂಸ್ಥೆ) ಮೂಲಕ 20 ಲಕ್ಷ ರೂಪಾಯಿ ತನಕ ಅನುದಾನ ಇಡಲಾಗಿತ್ತು. ಕಂಪನಿ ನೋಂದಣಿಯಾಗಿ ಎರಡು ವರ್ಷ ದಾಟಿರಬಾರದು ಅಂತ ಷರತ್ತು ಇತ್ತು. ಹೊಸ ಕಂಪನಿಗಳಿಗೆ ಅನುದಾನ ಕೊಡುವ ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆ ಕೂಡ ಇದೆ. ಅರ್ಜಿ ಹಾಕುವ ದಿನದ ನಿಯಮ ನೋಡಿಕೊಳ್ಳಿ. ಅರ್ಜಿಯಲ್ಲಿ ದೊಡ್ಡ ಮಾತಿಗಿಂತ, ಬೇರೆ ಇಟ್ಟ ತೋಟದ ಅಂಕ ಬರೆಯಿರಿ.

ಹೊರಗಿನ ಕೆಲಸ ಹಿಡಿಯದೆ ಮೊದಲೆರಡು ವರ್ಷ ಕಳೆಯುವುದು ಕಷ್ಟ. ಹಿಡಿಯಿರಿ, ಆದರೆ ವಾರಕ್ಕೆ ಎರಡೇ ದಿನ. ಒಪ್ಪಂದವನ್ನು ಕೊನೆಯ ಸಾಲಿನ ತನಕ ಓದಿ. ಒಂದು ಕಂಪನಿ ಒಳ್ಳೇ ದುಡ್ಡು ಕೊಡುತ್ತೇನೆ ಅಂತ ಬಂದಿತ್ತು. ಹದಿನಾಲ್ಕನೇ ಪುಟದಲ್ಲಿ, ಕೆಲಸದ ಅವಧಿಯಲ್ಲಿ ನಾವು ಸೇರಿಸಿದ ಎಲ್ಲ ಡೇಟಾ ಅವರದು ಅಂತ ಇತ್ತು. ಸಹಿ ಹಾಕಿದ್ದರೆ ಸೀಳಿದ ಕಾಂಡದ ಫೋಟೋ ಒಂದೂ ನಮ್ಮದಾಗಿ ಉಳಿಯುತ್ತಿರಲಿಲ್ಲ. ಬೇಡ ಅಂದೆವು. ಆ ಎರಡು ತಿಂಗಳು ನಾನು ಸಂಬಳ ತೆಗೆದುಕೊಳ್ಳಲಿಲ್ಲ.

ದುಡ್ಡು ಬಂದದ್ದು ಯೋಚಿಸದ ಕಡೆಯಿಂದ

ಗಿಡಕ್ಕೆ ನಂಬರ್ ಕೊಟ್ಟು ಫೋಟೋ ಸೇರಿಸಲು ನಮಗೇ ಅಂತ ಒಂದು ಸಣ್ಣ ಆ್ಯಪ್ ಮಾಡಿಕೊಂಡಿದ್ದೆವು. ಅದನ್ನು ನೋಡಿದ ಒಬ್ಬ ರೈಟರ್, "ಇದ್ರಲ್ಲೇ ಬ್ಲಾಕ್ ಬ್ಲಾಕ್ ಲೆಕ್ಕ ಸಿಗುತ್ತಾ? ಹೋದ ವರ್ಷ ಎಲ್ಲಿ ಜಾಸ್ತಿ ಇತ್ತು ಅಂತ ಗೊತ್ತಾಗುತ್ತಾ?" ಅಂತ ಕೇಳಿದರು. ಎರಡು ವಾರದಲ್ಲಿ ಸೇರಿಸಿದೆವು. ಈಗ ತೋಟದವರು ಸೀಸನ್‌ಗೆ ಇಷ್ಟು ಅಂತ ಕೊಡುವುದು ಆ ಲೆಕ್ಕಕ್ಕೆ, ಎಐಗೆ ಅಲ್ಲ. ಎಐ ಕಂಪನಿ ಹಗ್ಗಿಂಗ್ ಫೇಸ್ 2016ರಲ್ಲಿ ಶುರುವಾದದ್ದು ಹದಿಹರೆಯದವರ ಜೊತೆ ಹರಟುವ ಆ್ಯಪ್ ಆಗಿ. ಇವತ್ತು ಜಗತ್ತಿಗೆ ಗೊತ್ತಿರುವುದು ಅವರು ಹಂಚಿಕೊಂಡ ಉಪಕರಣಗಳಿಂದ. ನೀವು ಸಂಶೋಧನೆಗೆ ಅಂತ ಮಾಡಿಕೊಂಡ ಸಾಮಾನನ್ನು ಯಾರಾದರೂ ಕೈಗೆತ್ತಿಕೊಂಡು ನೋಡಿದರೆ, ಅವತ್ತೇ ಅವರ ಪಕ್ಕ ಕೂತು ಏನು ಬೇಕು ಅಂತ ಕೇಳಿ. ಆ ಲೆಕ್ಕದಿಂದ ಬಂದ ದುಡ್ಡಲ್ಲೇ ನಾವು ಐದನೆಯ, ಆರನೆಯ ಜನ ತೆಗೆದುಕೊಂಡದ್ದು. ಜೊತೆಗೆ ಪ್ರತಿ ಸೀಸನ್ ಹೊಸ ತೋಟದ ಡೇಟಾ ತಾನಾಗಿ ಬರುತ್ತಿದೆ.

ಎರಡನೇ ಪ್ರಶ್ನೆಗೆ ಯಾವಾಗ ಕೈ ಹಾಕಬೇಕು? ನಮ್ಮ ನಿಯಮ ಇದು: ಮೊದಲ ಪ್ರಶ್ನೆಯ ಮಾಡೆಲ್ ಹಿಂದೆಂದೂ ನೋಡದ ತೋಟಗಳಲ್ಲಿ ಸತತ ಎರಡು ಸೀಸನ್ ನಿಂತ ಮೇಲೆ. ಹೋದ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಒಂದು ಸಲ ನಿಂತಿದೆ. ಮಾರ್ಚ್‌ನಲ್ಲಿ ಇನ್ನೊಂದು ಸಲ ನೋಡಬೇಕು. ಮೊನ್ನೆ ಕೊಪ್ಪದಿಂದ ಒಬ್ಬರು ಕಾಳುಮೆಣಸಿನ ಸೊರಗು ರೋಗಕ್ಕೆ ಇದೇ ಥರ ಮಾಡಿಕೊಡಿ ಅಂತ ಬಂದಿದ್ದರು. ಕಾಫಿ ಕೊಟ್ಟು, ಅವರ ಹೆಸರು ಊರು ಪ್ರಯೋಗದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದುಕೊಂಡು, "ಮೇ ತಿಂಗಳಲ್ಲಿ ನಾವೇ ಫೋನ್ ಮಾಡ್ತೀವಿ ಸಾರ್" ಅಂತ ಕಳಿಸಿದೆವು.